ಮುಚ್ಚಳವಿಲ್ಲದ ಪೆಟ್ಟಿಗೆ

ಮೊದಲ ಏಟಿಗೆ ಭಜನೆಮನೆಯ ಬೀಗ ಬಾಗಿತು. ಎರಡನೆಯದು ಗುರಿ ತಪ್ಪಿ ಚೌಕಟ್ಟಿಗೆ ಬಿದ್ದು ಮರ ಸಿಗಿಯಿತು. ಸೋಮಶೇಖರ ಗುದ್ದಲಿಯನ್ನು ತಿರುಗಿಸಿ ಹಿಡಿದು, ಹಿಂಬದಿಯಿಂದ ಮೂರನೆಯದನ್ನು ಹಾಕಿದ. ಬೀಗ ಕಳಚಿ ಮೆಟ್ಟಿಲ ಮೇಲೆ ಬಿತ್ತು.

ಬೀಗದ ಕೈ ಪಕ್ಕದಲ್ಲೇ ನಿಂತಿದ್ದ ಚೈತ್ರಳ ಮುಷ್ಟಿಯಲ್ಲಿತ್ತು. ಅವಳು ಕೊಟ್ಟಿರಲಿಲ್ಲ, ಅವನು ಎರಡನೆಯ ಸಲ ಕೇಳಿರಲಿಲ್ಲ.

ಎದುರುಮನೆಯ ಜಗಲಿಯ ಮೇಲೆ ಅವನ ಅಪ್ಪ ಬೆಟ್ಟಸ್ವಾಮಿ ಮೇಷ್ಟ್ರು ಇದನ್ನೆಲ್ಲ ನೋಡುತ್ತಿರುವವರ ಹಾಗೆ ಕೂತಿದ್ದರು. ಬೆಳಗಿನ ಜಾವ ಪ್ರಾಣ ಹೋಗಿತ್ತು. ಪದ್ಧತಿಯಂತೆ ಸ್ನಾನ ಮಾಡಿಸಿ, ಹಣೆ ತುಂಬ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗವಿಟ್ಟು, ಗೋಡೆಗೆ ಒರಗಿಸಿ ಕೂರಿಸಿದ್ದರು. ಐವತ್ತು ವರ್ಷ ಹುಣಸೂರು ಸುತ್ತಿನ ಹಳ್ಳಿಗಳಿಗೆ ನಾಟಕ ಕಲಿಸಿದ ಹಾರ್ಮೋನಿಯಂ ಮೇಷ್ಟ್ರು. ಕೆ.ಆರ್. ನಗರದಿಂದ, ಸರಗೂರಿನಿಂದ ಅವರ ಹಳೆಯ ಭೀಮರು, ದುರ್ಯೋಧನರು ಬಂದು ಬೀದಿಯಲ್ಲಿ ನಿಂತಿದ್ದರು. ಸ್ಟೇಜಿನ ಮೇಲೆ ಗದೆ ಬೀಸಿದ ಆ ಶೂರರಲ್ಲಿ ಒಬ್ಬನೂ ಗುದ್ದಲಿ ಹಿಡಿದವನ ಹತ್ತಿರ ಹೋಗಲಿಲ್ಲ.

"ಸೋಮಣ್ಣ, ಹಾರ್ಮೋನಿಯಂ ಪೆಟ್ಗೆ ಮುಟ್ಬ್ಯಾಡ," ಅಂದಳು ಮೇಷ್ಟ್ರ ಶಿಷ್ಯೆ ಚೈತ್ರ. "ಹನ್ನೊಂದು ಮಕ್ಳು ಕಲೀತಾವೆ ಅದ್ರಲ್ಲಿ. ಮೇಷ್ಟ್ರು ನಂಗೆ ಒಪ್ಸವ್ರೆ."

"ಅವ್ನೇ ಎದ್ದು ಬಂದು ಯೋಳ್ಲಿ. ಎಂಡ್ರು ಮಕ್ಳಿಗಿಂತ ಮೇಲಾಗಿತ್ತಲ್ಲ ಅದು ಅವ್ನಿಗೆ? ಗುಂಡೀಲೂ ತಬ್ಕಂಡು ಕೂತ್ಕಳ್ಲಿ. ಜೊತೇಲೇ ಮಣ್ಣು ಮಾಡ್ತೀನಿ."

ಮೇಷ್ಟ್ರ ಜೊತೆ ಒಂದು ಆಯುಷ್ಯವೆಲ್ಲ ತಬಲ ಬಾರಿಸಿದ ಮರಿಯಯ್ಯ ಕೋಲೂರಿಕೊಂಡು ಮುಂದೆ ಬಂದ. "ಲೋ ಸೋಮ, ಎಣ ಇನ್ನೂ ಜಗ್ಲಿ ಮ್ಯಾಲದೆ ಕಣ್ಲಾ. ಇವತ್ತೊಂದಿನ ತಡ್ಕೊ."

"ಮೂವತ್ತೆಂಟು ವರ್ಸ ತಡ್ಕಂಡಿವ್ನಿ ಮಾಮ."

ಸೋಮಶೇಖರ ಬಲಗೈ ಎತ್ತಿ ತೋರಿಸಿದ. ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ಅಂಗೈ ಕಡೆಗೆ ಮಡಚಿಕೊಂಡಿದ್ದವು. ಮರಿಯಯ್ಯ ತಲೆ ತಗ್ಗಿಸಿದ.

*

ಆಗ ಅವನಿಗೆ ಹತ್ತು ವರ್ಷ. ಆ ಕಾಲದಲ್ಲಿ ಮೇಷ್ಟ್ರಿಗೆ ಬೆತ್ತವಿಲ್ಲದೆ ಪಾಠವೇ ಇರಲಿಲ್ಲ. ಶ್ರುತಿ ತಪ್ಪಿದ ಭೀಮನಿಗೂ ಬೀಳುತ್ತಿತ್ತು, ಮಾತು ಮರೆತ ದ್ರೌಪದಿಗೂ ಬೀಳುತ್ತಿತ್ತು. ಊರವರು ಅದನ್ನು ಶಿಸ್ತು ಎಂದು ಹೊಗಳುತ್ತಿದ್ದರು. ಏಟು ತಮ್ಮ ಮೈಮೇಲೆ ಬೀಳದಿದ್ದರೆ ಹೊಗಳುವುದಕ್ಕೇನು ಕಷ್ಟ?

ಮಗನಿಗೆ ಮೋಹನ ರಾಗ ಹೇಳಿಕೊಡುತ್ತಿದ್ದರು. ಮೋಹನದಲ್ಲಿ ಮ ಇಲ್ಲ. ಹುಡುಗನ ಬೆರಳು ಮಾತ್ರ ಹಟ ಹಿಡಿದಂತೆ ಅಲ್ಲಿಗೇ ಹೋಗುತ್ತಿತ್ತು. ಎರಡು ಸಲ ಬೆತ್ತ ಬಿತ್ತು. ಮೂರನೆಯ ಸಲ ಮೇಷ್ಟ್ರು ಬೆತ್ತ ಹುಡುಕಲಿಲ್ಲ. ಸ್ವರದ ಮನೆಗಳನ್ನು ಮುಚ್ಚುವ ತೇಗದ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ದಬಾರನೆ ಹಾಕಿದರು. ಹುಡುಗನ ಬೆರಳು ಒಳಗೇ ಇದ್ದವು.

ಮೂಳೆ ಕೂಡಿಕೊಂಡಿತು, ಬೆರಳು ನೆಟ್ಟಗಾಗಲಿಲ್ಲ. ಮಾರನೆಯ ದಿನವೇ ಮೇಷ್ಟ್ರು ಪೆಟ್ಟಿಗೆಯನ್ನು ಭಜನೆಮನೆಗೆ ಸಾಗಿಸಿದರು. ಸೋಮಶೇಖರ ಆ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ. ಅವನು ಬೆಳೆದ, ಹೊಗೆಸೊಪ್ಪು ಬೆಳೆದ, ಮದುವೆಯಾದ. ಅಪ್ಪ ಮಗನ ನಡುವೆ ಮಳೆಯ ಮಾತು, ಹಸುವಿನ ಮಾತು, ಬಿ.ಪಿ. ಮಾತ್ರೆಯ ಮಾತು ಎಲ್ಲ ಆಯಿತು. ಬೆರಳಿನ ಮಾತು ಆಗಲಿಲ್ಲ.

*

ಭಜನೆಮನೆಯೊಳಗೆ ಚೈತ್ರ ಪೆಟ್ಟಿಗೆಗೆ ಅಡ್ಡ ನಿಂತಳು. ಮೇಷ್ಟ್ರದು ಕಾಲು ಹಾರ್ಮೋನಿಯಂ, ಮೇಜಿನಷ್ಟು ಎತ್ತರ. ಕೆಳಗೆ ತುಳಿಯಲು ಎರಡು ಕಾಲುಮಣೆ, ಅಲ್ಲಿಂದ ಮೇಲಿನ ತಿದಿಗೆ ಚರ್ಮದ ಪಟ್ಟಿ. ತುಳಿದರೆ ತಿದಿ ಗಾಳಿ ಎಳೆದುಕೊಳ್ಳುತ್ತದೆ, ಎರಡೂ ಕೈ ನುಡಿಸುವುದಕ್ಕೆ ಬಿಡುವಾಗುತ್ತದೆ. ಅದರ ಮೇಲೆ ಮೇಷ್ಟ್ರ ಹಳೆಯ ಪಂಚೆ ಹೊದಿಸಿತ್ತು.

ಸೋಮಶೇಖರ ಅವಳನ್ನು ನೂಕಿದ. ಗೋಡೆಗೆ ಬಡಿದವಳು ಹಾರಿ ಬಂದು ಅವನ ಮಣಿಕಟ್ಟನ್ನು ಕಚ್ಚಿ ಹಿಡಿದಳು. ಮೂವತ್ತು ದಾಟಿದ ಹೆಂಗಸು, ಹುಣಸೂರಿನಲ್ಲಿ ಮಕ್ಕಳಿಗೆ ಟೀಚರು, ಹಲ್ಲು ಬಿಡಲೇ ಇಲ್ಲ. ಅವನು ಎಡಗೈಯಿಂದ ಕೆನ್ನೆಗೆ ಬಾರಿಸಿದ. ಅವಳ ತುಟಿ ಒಡೆಯಿತು. ಬಿಡಿಸಿಕೊಂಡ ಕೈಯಿಂದಲೇ ಅವನು ಗುದ್ದಲಿ ಬೀಸಿದ. ಕಾಲುಮಣೆಗಳೆರಡೂ ಚೂರಾಗಿ ಹಾರಿದವು.

"ಒಡಿ!" ಚೈತ್ರ ಕಿರುಚಿದಳು. "ನಿಮ್ಮಪ್ಪನ ತಲೇನೇ ಒಡ್ದಂಗೆ ಒಡಿ!"

"ಅದೇ ಆಸೆ ಇತ್ತು ಕಣಮ್ಮಿ. ಅಷ್ಟರೊಳ್ಗೆ ಅವ್ನೇ ಹೊಂಟೋದ."

ಅವನು ಪೆಟ್ಟಿಗೆಯನ್ನು ದರದರ ಎಳೆದು ಮೆಟ್ಟಿಲು ಇಳಿಸಿ ಬೀದಿಗೆ ತಂದ, ಹೆಣದ ಎದುರಿಗೆ. ಅಪ್ಪನಿಗೆ ಕಾಣುವಂತೆ ಒಡೆಯಬೇಕು ಅಂತ ಅವನಿಗೆ ಅನ್ನಿಸಿತ್ತು. ಸತ್ತವರಿಗೆ ಕಾಣುತ್ತದೆಯೇ ಎಂದು ಕೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಪಂಚೆ ಕಿತ್ತೆಸೆದು ಗುದ್ದಲಿ ಎತ್ತಿದ.

ಎತ್ತಿದ್ದು ಅಲ್ಲೇ ನಿಂತಿತು.

"ಮುಚ್ಚಳ ಎಲ್ಲಿ?"

ಬಿಸಿಲಿನಲ್ಲಿ ಸ್ವರದ ಮನೆಗಳು ಬೆತ್ತಲೆ ಕಾಣುತ್ತಿದ್ದವು. ಅವುಗಳ ಹಿಂದೆ, ಕೀಲು ಇರಬೇಕಾದ ಜಾಗದಲ್ಲಿ ನಾಲ್ಕು ಸ್ಕ್ರೂ ತೂತು, ಅವುಗಳ ತುಂಬ ಧೂಳು.

"ಯಾವ ಮುಚ್ಚಳ?" ಚೈತ್ರ ತುಟಿಯ ರಕ್ತ ಒರೆಸಿಕೊಂಡಳು. "ನಾ ಸೇರ್ದಾಗ್ಲಿಂದ್ಲೂ ಬಟ್ಟೇನೇ ಒದ್ಸೋದು."

ಹೆಣದ ಪಕ್ಕ ಕೂತಿದ್ದ ತಾಯಿ ನೀಲಾಂಬಿಕೆ ಬೆಳಗಿನಿಂದ ಬಾಯಿ ಬಿಟ್ಟಿರಲಿಲ್ಲ. ಈಗ ಬಿಟ್ಟಳು.

"ಆವತ್ತು ಸಂಜೇನೇ ನಿಮ್ಮಪ್ಪ ಕಿತ್ತಾಕುದ್ರು ಕಣೋ. ಕೊಡ್ಲೀಲಿ ಸೀಳಿ ಒಲೆಗಿಟ್ರು. ಬೆತ್ತಾನೂ ಅದ್ರೊಳಿಕೇ ಹೋಯ್ತು. ನಿನ್ ಕೈಗೆ ಶಾಖ ಕೊಡಕ್ಕೆ ನಾ ನೀರು ಕಾಯಿಸ್ದೆನಲ್ಲ, ಅದೇ ಬೆಂಕೀಲಿ."

"ನಂಗೆ ಯಾಕವ್ವ ಯೋಳ್ಲಿಲ್ಲ?"

"ನೀವೇ ಯೋಳ್ರಿ, ನಿಮ್ ಬಾಯಲ್ಲೇ ಯೋಳ್ರಿ ಅಂತಾನೇ ಅವ್ರಿಗೆ ಅಂತಿದ್ದೆ. ನಾಳೆ ಅಂದ್ರು. ಸಾಯೋಗಂಟ ನಾಳೆ ಅಂದ್ರು."

ಸೋಮಶೇಖರ ಗುದ್ದಲಿ ಬಿಸಾಕಿ ಜಗಲಿಗೆ ನುಗ್ಗಿದ. ಹೆಣದ ಎರಡೂ ಭುಜ ಹಿಡಿದು ಅಲುಗಿಸಿದ. ಹಾರ ಹರಿದು ಸೇವಂತಿಗೆ ಚೆಲ್ಲಿತು. ಮೇಷ್ಟ್ರ ತಲೆ ಒಂದು ಪಕ್ಕಕ್ಕೆ ವಾಲಿತು.

"ಒಂದು ಮಾತು! ಒಂದೇ ಒಂದು ಮಾತು ಆಡಕ್ಕೆ ಏನಾಗಿತ್ತೋ ನಿಂಗೆ! ಯೋಳು! ಈಗ ಯೋಳು!"

ಮಣ್ಣಿನ ಕಾರ್ಯಕ್ಕೆ ಬಂದಿದ್ದ ಅಯ್ಯನವರು ಅವನ ಕಾಲರ್ ಹಿಡಿದು ಜಗ್ಗಿದರು. ಇಬ್ಬರು ಭೀಮರಿಗೆ ಕೊನೆಗೂ ಧೈರ್ಯ ಬಂದು ಅವನನ್ನು ಎತ್ತಿ ಬೀದಿಗೆ ಒಗೆದರು. ಬಿದ್ದಲ್ಲೇ ಕೂತು ಅವನು ಅತ್ತ. ಅಪ್ಪ ಸತ್ತ ಮೇಲೆ ಅದೇ ಮೊದಲು.

*

ಚೈತ್ರ ಪಾಠಕ್ಕೆ ಬಂದಾಗ ಅವಳಿಗೆ ಒಂಬತ್ತು. ಸ್ಟೂಲಿನ ಮೇಲೆ ಕೂತರೆ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಮೇಷ್ಟ್ರು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ತಾವೇ ತುಳಿಯುತ್ತಿದ್ದರು.

"ಗಾಳಿ ನಂದು, ಬೆರಳು ನಿಂದು. ನುಡ್ಸವ್ವ."

ತಪ್ಪಿದರೆ ಬಯ್ಯುತ್ತಿರಲಿಲ್ಲ. ತುಳಿಯುವುದನ್ನು ನಿಲ್ಲಿಸುತ್ತಿದ್ದರು. ಸ್ವರ ಸೊರಗಿ ಆರಿಹೋಗುತ್ತಿತ್ತು. ಅವಳು ಮೊದಲಿಂದ ಶುರು ಮಾಡುವವರೆಗೆ ಅವರು ಕಿಟಕಿಯಾಚೆ ನೋಡುತ್ತ ಕಾಯುತ್ತಿದ್ದರು. ಒಂದು ಸಲ ಒಂದೇ ಸಾಲಿಗೆ ಇಡೀ ಭಾನುವಾರ ಕಾದಿದ್ದರು. ಅಷ್ಟು ತಾಳ್ಮೆ ಈ ಮನುಷ್ಯನಿಗೆ ಎಲ್ಲಿಂದ ಬಂತು ಎಂದು ಅವಳು ಎಷ್ಟೋ ಸಲ ಯೋಚಿಸಿದ್ದಳು. ಅವಳ ಬೆರಳಿಗೆ ಎಂದೂ ಏಟು ಬೀಳಲಿಲ್ಲ.

*

ತಲೆ ನೆಟ್ಟಗೆ ಮಾಡಿ, ವಿಭೂತಿ ಮತ್ತೆ ಬಳಿದು, ಹರಿದ ಹಾರ ಗಂಟು ಹಾಕಿದರು. "ಹೊತ್ತಾಯ್ತು, ಎತ್ತಿ," ಅಂದರು ಅಯ್ಯನವರು.

"ಪೆಟ್ಗೆ ಒಂದ್ಸಲನಾದ್ರೂ ನುಡೀಬೇಕು ಬುದ್ಧಿ," ಅಂದ ಮರಿಯಯ್ಯ. "ಇಲ್ದಿದ್ರೆ ಮೇಷ್ಟ್ರು ಎದ್ದೋಗದೆಂಗೆ?"

ಚೈತ್ರ ಸ್ಟೂಲು ತಂದು ಕೂತಳು. ಕೆನ್ನೆ ಊದಿತ್ತು. ಬೆರಳು ಒತ್ತಿದಳು. ಮರ ಟಕ್ ಟಕ್ ಅಂದಿತೇ ಹೊರತು ಸ್ವರ ಬರಲಿಲ್ಲ. ತುಳಿಯಲು ಕಾಲುಮಣೆಯೇ ಇರಲಿಲ್ಲ. ಹರಿದ ಚರ್ಮದ ಪಟ್ಟಿ ಮಾತ್ರ ತಿದಿಯಿಂದ ನೇತಾಡುತ್ತಿತ್ತು.

ಸೋಮಶೇಖರ ಧೂಳಿನಲ್ಲಿ ಕೂತಲ್ಲಿಂದಲೇ ಅದನ್ನು ನೋಡಿದ. ಸ್ವಲ್ಪ ಹೊತ್ತು ನೋಡಿ, ಅಂಬೆಗಾಲಿನಲ್ಲಿ ಬಂದು ಪೆಟ್ಟಿಗೆಯ ಕೆಳಗೆ ಕೂತ. ಬಲಗೈ ಚಾಚಿ ಪಟ್ಟಿಯನ್ನು ಮಡಚಿದ ಎರಡು ಬೆರಳಿಗೆ ಸಿಕ್ಕಿಸಿಕೊಂಡ. ಬೆರಳು ಆಗಲೇ ಮಡಚಿದ್ದರಿಂದ ಪಟ್ಟಿ ಜಾರಲಿಲ್ಲ. ಎಳೆದ, ಸಡಿಲ ಬಿಟ್ಟ, ಮತ್ತೆ ಎಳೆದ. ತಿದಿ ಉಸಿರಾಡಿತು.

ಚೈತ್ರ ಮೊದಲ ಪಾಠವನ್ನೇ ಹಿಡಿದಳು. ಸ ರಿ ಗ ಪ ದ. ಮೋಹನ. ಎರಡನೆಯ ಸುತ್ತಿನಲ್ಲಿ ಅವಳಿಗೆ ಕಣ್ಣು ತುಂಬಿ ಸ್ವರದ ಮನೆಗಳು ಕಲಸಿಹೋದವು. ಬೆರಳು ಗ ದಾಟಿ ಮ ಒತ್ತಿತು.

ಗಾಳಿ ನಿಂತಿತು.

ಅವಳು ಬೆಚ್ಚಿ ಕೆಳಗೆ ನೋಡಿದಳು. ತಪ್ಪಿದಾಗ ಗಾಳಿ ನಿಲ್ಲಿಸುವುದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಸೋಮಶೇಖರ ಅವಳ ಕಡೆ ತಿರುಗಲಿಲ್ಲ. ಪಟ್ಟಿಯನ್ನು ಬೆರಳಲ್ಲಿ ಸಡಿಲವಾಗಿ ಹಿಡಿದು, ಜಗಲಿಯ ಕಡೆ ನೋಡುತ್ತ ಕಾಯುತ್ತಿದ್ದ.

ಚೈತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ಬೆರಳನ್ನು ಮತ್ತೆ ಸ ಮೇಲೆ ಇಟ್ಟಳು. ಪಟ್ಟಿ ಬಿಗಿಯಿತು.