ಪ್ರದರ್ಶನಕ್ಕೆ ನಿಂತ ಇವ್ಲಿನ್

ಮನೆಗೆಲಸಕ್ಕೆ ಬಂದವಳ ಪಾಸ್‌ಪೋರ್ಟು ಯಜಮಾನತಿಯ ಕಪಾಟು ಸೇರುವುದು ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ಆ ಕಟ್ಟಡದಲ್ಲಿ ಚಪ್ಪಲಿ ಬಾಗಿಲ ಹೊರಗೆ ಉಳಿದಷ್ಟೇ ಸಹಜವಾಗಿತ್ತು. 2007ರಲ್ಲಿ ದಮಯಂತಿಯ ಮನೆಯಲ್ಲೂ ಅದೇ ಪದ್ಧತಿ. ಅದಕ್ಕೆ ಅವಳಿಟ್ಟ ಹೆಸರು ಜೋಪಾನ.

ಬೆಳಗ್ಗೆ ನೀರುದೋಸೆ ಹೊಯ್ಯುತ್ತಿದ್ದ ಇವ್ಲಿನ್‌ಗೆ ಈಗ ಆ ಪಾಸ್‌ಪೋರ್ಟು ಬೇಕಿತ್ತು. ಅವಳು ಹಳಿಯಾಳದ ಕಡೆಯ ಸಿದ್ದಿ ಹೆಂಗಸು. ಊರಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ಮಗಳು ಬಂದಳೇ ಎಂದು ಬಾಗಿಲ ಕಡೆಗೇ ನೋಡುತ್ತಾಳೆಂದು ತಮ್ಮ ಫೋನಿನಲ್ಲಿ ಅತ್ತಿದ್ದ.

"ಅಕ್ಕಾರ, ಪಾಸ್‌ಪೋರ್ಟ್ ಕೊಡ್ರಿ. ಅವ್ವನ ಮುಖ ನೋಡ್ಕೊಂಡು ಬರ್ತೇನಿ."

"ಎರಡು ವರ್ಷದ ಬಾಂಡ್ ಮುಗೀಲಿ ಮಾರಾಯ್ತಿ. ಎಲ್ಲರ ಮನೆಯಲ್ಲೂ ಹಾಗೇ ಅಲ್ವಾ?" ಎಂದಳು ದಮಯಂತಿ.

ಅದೇ ವಾರ ಮಗಳು ಯಶ್ಮಿತಾಳ ಶಾಲೆಯಲ್ಲಿ ಇತಿಹಾಸ ಪ್ರದರ್ಶನ. ಅವಳಿಗೆ ಬಂದ ವಿಷಯ ಅಟ್ಲಾಂಟಿಕ್ ಗುಲಾಮರ ವ್ಯಾಪಾರ. ರಟ್ಟಿನ ಹಡಗು, ಬಟ್ಟಲಲ್ಲಿ ಸಕ್ಕರೆ, ಹತ್ತಿ, ತಂಬಾಕು ಎಲ್ಲ ಸಿದ್ಧವಾಯಿತು. ಆಗ ದಮಯಂತಿಯ ಕಣ್ಣು ಇವ್ಲಿನ್‌ಳ ಗುಂಗುರು ಕೂದಲ ಮೇಲೆ ಬಿತ್ತು.

"ನೀನು ಗುಲಾಮ ಹೆಂಗಸಿನ ಹಾಗೆ ನಿಲ್ಲು. ಫಸ್ಟ್ ಪ್ರೈಜ್ ನಮ್ಗೇ. ಆಮೇಲೆ ಊರಿಗೆ ಕಳಿಸ್ತೇನೆ, ದೇವರಾಣೆ."

ಇವ್ಲಿನ್‌ಳ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಗೋವೆಯಲ್ಲಿ ಮಾರಿದ್ದರಂತೆ. ಆ ಕಥೆ ಹೇಳುವಾಗ ಅಜ್ಜಿ ದನಿ ತಗ್ಗಿಸುತ್ತಿದ್ದಳು. ಆದರೆ ಹೆತ್ತವಳ ಮುಖ ನೋಡುವುದಿದ್ದರೆ ಮಾನ ಯಾವ ಲೆಕ್ಕ? ಗೋಣಿ ಸುತ್ತಿಕೊಂಡು, ಕೈಗೆ ಕಾಗದದ ಬೇಡಿ ತೊಟ್ಟು ನಿಂತಳು. ಮಕ್ಕಳು ಸಾಲುಗಟ್ಟಿ ನೋಡಿದರು. ಒಬ್ಬಳು ಕೂದಲು ಮುಟ್ಟಿ ಕಿಸಕ್ಕನೆ ನಕ್ಕಳು.

"ಮಮ್ಮಿ, ಶೀ ಈಸ್ ಕ್ರೈಯಿಂಗ್," ಎಂದಳು ಯಶ್ಮಿತಾ.

"ಇರ್ಲಿ ಬಿಡು, ಅತ್ರೆ ನಿಜವಾದ ಗುಲಾಮಳ ಹಾಗೇ ಕಾಣ್ತದೆ."

ಇತಿಹಾಸದ ಮೇಷ್ಟ್ರು ಬಾಲಸುಬ್ರಹ್ಮಣ್ಯ ಒಬ್ಬರೇ ಅವಳ ಹೆಸರು ಕೇಳಿದ್ದು. ಊರು ಕೇಳಿದರು, ಇಲ್ಲಿ ಯಾಕೆ ನಿಂತೆ ಎಂದೂ ಕೇಳಿದರು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ದಮಯಂತಿಯ ಕಡೆ ತಿರುಗಿದರು.

"ಅಮ್ಮಾ, ಬಿಟ್ಟು ಹೋಗೋ ಸ್ವಾತಂತ್ರ್ಯ ಇಲ್ಲದವರೇ ಗುಲಾಮರು ಅಂತ ನಿಮ್ಮ ಮಗಳೇ ಚಾರ್ಟಲ್ಲಿ ಬರೆದಿದ್ದಾಳೆ. ಇವಳ ಪಾಸ್‌ಪೋರ್ಟ್ ಇವಳಿಗೆ ಕೊಡಿ."

"ನಾವೇನು ಹೊಡೀತೇವಾ ಸರ್? ನಾವು ಉಣ್ಣುವುದನ್ನೇ ಬಡಿಸ್ತೇವೆ."

"ಆ ಗುಲಾಮರ ಯಜಮಾನರೂ ಊಟ ಹಾಕ್ತಿದ್ರು, ಅಮ್ಮಾ."

ದಮಯಂತಿಯ ಮುಖ ಕೆಂಪಾಯಿತು. "ಉಂಡ ಮನೆಗೆ ಎರಡು ಬಗೆಯುವುದನ್ನು ಅವಳಿಗೆ ಕಲಿಸ್ಬೇಡಿ."

ಮೊದಲ ಬಹುಮಾನ ಬಂತು. ಮರುದಿನ ಇವ್ಲಿನ್ ಕಪಾಟಿನ ಮುಂದೆ ನಿಂತು ಕೈ ಚಾಚಿದಳು. ಮಗಳ ಪರೀಕ್ಷೆ ಮುಗಿಯಲಿ ಎಂಬ ಉತ್ತರ ಸಿಕ್ಕಿತು. ದಮಯಂತಿಯ ಗಂಡ ಕೊಗ್ಗ ಪೇಪರಿನಿಂದ ತಲೆ ಎತ್ತದೆ, "ಒಬ್ಬಳಿಗೆ ಕೊಟ್ರೆ ನಾಳೆ ಕಟ್ಟಡದವರೆಲ್ಲ ನಮ್ಮನ್ನೇ ಬಯ್ತಾರೆ," ಎಂದ. ಮೇಷ್ಟ್ರ ಫೋನು ಬಂದರೂ ಯಾರೂ ಎತ್ತಲಿಲ್ಲ.

ಶುಕ್ರವಾರ ತಮ್ಮನ ಕರೆ ಬಂತು. ತಾಯಿಯನ್ನು ಮಣ್ಣು ಮಾಡಿಯೂ ಆಗಿತ್ತು. ಕೊನೆಯವರೆಗೂ ಮಗಳ ಹೆಸರು ಹಿಡಿದು ಕರೆಯುತ್ತಲೇ ಇದ್ದಳಂತೆ.

ಇವ್ಲಿನ್ ಅಡುಗೆಮನೆಯ ನೆಲಕ್ಕೆ ಕುಸಿದು ಎದೆ ಬಡಿದುಕೊಂಡು ಅತ್ತಳು. ದಮಯಂತಿ ಓಡಿ ಬಂದು ನೀರು ಕುಡಿಸಿದಳು. ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಅವಳ ಕಣ್ಣಲ್ಲೂ ನೀರಿತ್ತು, ಸುಳ್ಳು ಯಾಕೆ ಹೇಳಬೇಕು? ಅವಳು ಕಟುಕಿಯಾಗಿದ್ದರೆ ಇವ್ಲಿನ್ ಶಪಿಸಿಯಾದರೂ ಹಗುರಾಗಬಹುದಿತ್ತು.

"ಅಳ್ಬೇಡ ಮಾರಾಯ್ತಿ," ಎಂದಳು ದಮಯಂತಿ, ಸೆರಗಿನಿಂದ ಇವ್ಲಿನ್‌ಳ ಮುಖ ಒರೆಸುತ್ತ. "ಇನ್ನು ಊರಿಗೆ ಹೋಗುವ ಅವಸರ ಎಂತದ್ದು ಉಂಟು? ಬಾಂಡ್ ಮುಗಿಸಿಯೇ ಹೋಗು."