ಕರಿಯಮ್ಮನ ಕೊಟ್ಟಿಗೆಯ ಕಾವಲು ಪೆಟ್ಟಿಗೆ

ತಾಳವಾಡಿಯಲ್ಲಿ ಮಿಕ್ಸಿ, ಟೀವಿ ರಿಪೇರಿ ಮಾಡಿಕೊಂಡು ತೆಪ್ಪಗಿದ್ದವನು ನಾನು. ಕಾಡುಪ್ರಾಣಿಯ ಫೋಟೊ ಹಿಡಿಯುವ ಉಸಾಬರಿ ನನಗೆ ಬೇಕಿರಲಿಲ್ಲ. ಆದರೆ ತಿಗನಾರೆಯಿಂದ ಕೂಲಿ ಬಿಟ್ಟು ಬಂದ ಕರಿಯಮ್ಮ ಅಂಗಡಿ ಮುಂದೆ ಕೂತುಬಿಟ್ಟಳು. ಚಿರತೆ ಅವಳ ಎರಡು ಆಡು ತಿಂದಿತ್ತು. ಉಳಿದದ್ದು ಒಂದು ಹಸು, ಅದರ ಕರು ಕರಿ. ಅರಣ್ಯ ಇಲಾಖೆಯವರು ಬೋನು ಇಡಬೇಕಾದರೆ ಬಂದದ್ದು ಚಿರತೆಯೇ ಅನ್ನುವುದಕ್ಕೆ ಫೋಟೊ ಬೇಕಂತೆ.

ನನ್ನ ಹತ್ತಿರ ಹಳೆಯ ಕ್ಯಾಮೆರಾ ಇತ್ತು. ಕತ್ತಲಲ್ಲಿ ಅದಕ್ಕೆ ಬೆಳಕು ಬೇಕು, ಆ ಬೆಳಕು ಪ್ರಾಣಿಗೆ ಕಾಣಬಾರದು. ಹನ್ನೆರಡು ಇನ್‌ಫ್ರಾರೆಡ್ ಎಲ್‌ಇಡಿ ಬೆಸುಗೆ ಹಾಕಿದೆ. ಕತ್ತಲಾದರೆ ಹೊತ್ತಿಕೊಂಡು ಬೆಳಗಾದರೆ ಆರಲಿ ಎಂದು ಒಂದು ಎಲ್‌ಡಿಆರ್ ಕೂರಿಸಿದೆ. ಕಡಲೆಕಾಳಿನಷ್ಟಿರುವ ಅದೇ ಪೆಟ್ಟಿಗೆಯ ಕಣ್ಣು. ಬೆಳಕಿದೆಯೋ ಇಲ್ಲವೋ ನೋಡುವುದಷ್ಟೇ ಅದರ ಕೆಲಸ. ಎಲ್ಲವನ್ನೂ ಪೆಟ್ಟಿಗೆಗೆ ಹಾಕಿ ಕೊಟ್ಟಿಗೆಯೆದುರಿನ ಬೇವಿನ ಮರಕ್ಕೆ ಕಟ್ಟಿ ಬಂದೆ.

ಮೊದಲ ರಾತ್ರಿ ಫೋಟೊದಲ್ಲಿ ಒಂದು ನಾಯಿ ಸಿಕ್ಕಿತು. ಆಮೇಲೆ ಬರೀ ಕಪ್ಪು. ಹೋಗಿ ನೋಡಿದರೆ ಬ್ಯಾಟರಿ ಸತ್ತಿತ್ತು. ಪೆಟ್ಟಿಗೆ ಮೇಲಿನ ವಿಭೂತಿ, ಕುಂಕುಮ ಒರೆಸಿ ಅಂಗಡಿಗೆ ತಂದು ಪರೀಕ್ಷೆ ಮಾಡಿದೆ, ಎಲ್ಲ ಸರಿಯಾಗಿತ್ತು. ಬ್ಯಾಟರಿ ಬದಲಿಸಿ ಕಟ್ಟಿದೆ, ಸತ್ತಿತು. ಟ್ರಾನ್ಸಿಸ್ಟರ್ ಬದಲಿಸಿದೆ, ಮತ್ತೆ ಸತ್ತಿತು. ನಾಲ್ಕು ಸಲ ಹೀಗೇ ಆಯಿತು. ಅಂಗಡಿ ಮುಚ್ಚಿ, ಬಸ್ಸಿಳಿದು, ಐವತ್ತೆಂಟರ ಮಂಡಿಯಲ್ಲಿ ಆ ದಿಣ್ಣೆ ಹತ್ತಿ ನನಗೆ ಸಾಕುಸಾಕಾಯಿತು. ಗುಡ್ಡ ಅಗೆದವರಿಗೆ ಇಲಿಯಾದರೂ ಸಿಗುತ್ತದೆ, ನನಗೆ ಅದೂ ಇಲ್ಲ.

ಒಂದು ಬೆಳಿಗ್ಗೆ ಅವಳ ಫೋನು ಬಂತು.

"ಅಣ್ಣ, ಕರಾನ ಒತ್ಕಂಡೋಯ್ತು."

ಅಂಗಡಿ ತೆರೆಯದೆ ಹೊರಟೆ. ಮಾಡು ಮಾತ್ರ ಇದ್ದ ಆ ಕೊಟ್ಟಿಗೆಯಲ್ಲಿ ಗೂಟ ಇತ್ತು, ಹರಿದ ಹಗ್ಗ ಇತ್ತು. ಹಸು ಒಂದೇ ಸಮನೆ ಕೂಗುತ್ತಿತ್ತು. ನನಗೆ ನಾಚಿಕೆಯಾಯಿತು. ಪೆಟ್ಟಿಗೆಗೆ ಹೊಸ ಬ್ಯಾಟರಿ ಹಾಕಿದೆ. ಅಂದು ಒರೆಸುವಷ್ಟು ತ್ರಾಣವೂ ಇರಲಿಲ್ಲ. ಸುಮ್ಮನೆ ಮೊಬೈಲು ಎತ್ತಿ ಹಿಡಿದೆ. ಬರಿಗಣ್ಣಿಗೆ ಕಾಣದ ಆ ಬೆಳಕು ಮೊಬೈಲಿನಲ್ಲಿ ನೇರಳೆಯಾಗಿ ಕಾಣುತ್ತದೆ. ನಡುಹಗಲಲ್ಲಿ ಹನ್ನೆರಡೂ ಉರಿಯುತ್ತಿದ್ದವು.

ಕಣ್ಣಿನ ಮೇಲೆ ದಪ್ಪಗೆ ಕುಂಕುಮದ ಬೊಟ್ಟು. ಪೆಟ್ಟಿಗೆಗೆ ಹಗಲೂ ಕತ್ತಲೆ. ಹಗಲೆಲ್ಲ ಉರಿದು ರಾತ್ರಿಯಾಗುವಷ್ಟರಲ್ಲಿ ಬ್ಯಾಟರಿ ಸಾಯುತ್ತಿತ್ತು.

ಕರಿಯಮ್ಮ ಪಕ್ಕದಲ್ಲಿ ಬಂದು ನಿಂತಳು. "ದಿನಾ ಬೆಳಗೆದ್ದು ಕರೀಗೆ ಬೊಟ್ಟು ಮಡಗಿ ಇದ್ಕೂ ಮಡಗ್ತಿದ್ದೆ ಕಣಣ್ಣ. ಕಾವ್ಲು ಕಾಯೋದಲ್ವಾ. ಒಂದಿನಾನೂ ತಪ್ಪಿಸ್ನಿಲ್ಲ. ಆದ್ರೂ ಇಂಗಾಯ್ತು."

ವೈರು ಸಡಿಲವಾಗಿತ್ತು ಅಂದುಬಿಡಬಹುದಿತ್ತು. ಆದರೆ ಅಷ್ಟರಲ್ಲಿ ನನ್ನ ಹೆಬ್ಬೆರಳು ಬೊಟ್ಟನ್ನು ಒರೆಸಿಬಿಟ್ಟಿತ್ತು. ಮೊಬೈಲಿನಲ್ಲಿ ನೇರಳೆ ಬೆಳಕು ಆರಿತು. ಅವಳೂ ನೋಡಿದಳು.

"ಅಂಗಾರೆ ಅದ್ರ ಕಣ್ಣ ನಾನೇ ಮುಚ್ಬುಟ್ನಾ?"

"ನಾಕು ಸಲ ಒರ್ಸಿದ್ದು ನಾನು ಕಣವ್ವ. ನಂಗೂ ಕಾಣ್ನಿಲ್ಲ."

ಸುಳ್ಳಲ್ಲ. ಯಂತ್ರಕ್ಕೆ ಬೊಟ್ಟಿಡುವುದು ನಮಗೇನು ಹೊಸದೇ? ನನ್ನ ಅಂಗಡಿಯ ಮೀಟರಿಗೂ ಇದೆ. ಕಂಡು ಕಂಡು ಅದು ಕಾಣದಂತಾಗಿತ್ತು.

ಅವಳು ಒಳಗೆ ಹೋಗಿ ಕುಂಕುಮದ ಬಟ್ಟಲು ತಂದಳು. "ಎಲ್ಲಿ ಮಡಗ್ಲಿ, ನೀನೇ ತೋರ್ಸು" ಅಂದಳು. ಮುಚ್ಚಳದ ಮೇಲೆ ತೋರಿಸಿದೆ. ಚಿಕ್ಕದಾಗಿ ಇಟ್ಟಳು. ಹಸುವನ್ನು ಮನೆಯೊಳಕ್ಕೆ ಕಟ್ಟಿದಳು.

ಎರಡು ದಿನ ಬಿಟ್ಟು ಚಿರತೆ ಮತ್ತೆ ಬಂತು. ಖಾಲಿ ಕೊಟ್ಟಿಗೆಯಲ್ಲಿ ಮೂಸುತ್ತ ನಿಂತ ಫೋಟೊ, ಮೀಸೆಯ ಕೂದಲೂ ಎಣಿಸಬಹುದು. ಇನ್ನು ಬೋನು ಬರುತ್ತದೆ ಎಂದು ಹೇಳಿ ಅವಳಿಗೆ ತೋರಿಸಿದೆ.

ಅವಳು ಚಿರತೆಯನ್ನು ನೋಡಲಿಲ್ಲ. ಅದರ ಕಾಲ ಹತ್ತಿರ ಬೆರಳಿಟ್ಟಳು.

"ಕರೀನ ಗೂಟಾನೂ ಎಷ್ಟ್ ಚೆಂದಾಗಿ ಬಿದ್ದದೆ ನೋಡಣ್ಣ" ಅಂದಳು.