ವಿಧಿಸಬಹುದಾದ ಶಿಕ್ಷೆ

ಮುನಿತಾಯಮ್ಮನ ಗಂಡ ಲಕ್ಷ್ಮಯ್ಯ 1941ರಲ್ಲಿ ಮೊದಲ ಸಲ ಜೈಲಿಗೆ ಹೋದದ್ದು ತಾನು ಮಾಡದ ಕಳ್ಳತನಕ್ಕೆ. ನಲ್ಲೂರು ತೋಪಿನ ಎರಡು ಮೂಟೆ ಹುಣಿಸೆಹಣ್ಣು ಅವರ ಕೊಟ್ಟಿಗೆಯಲ್ಲಿ ಸಿಕ್ಕಿತ್ತು. ತಂದಿಟ್ಟವನು ಅವಳ ತಮ್ಮ ಪಾಪಯ್ಯ. ಅವನನ್ನು ಹಿಡಿದುಕೊಡಲು ಅವಳಿಗೆ ಮನಸ್ಸಾಗಲಿಲ್ಲ. ವಿಚಾರಣೆಗೆ ಕೂತರೆ ವರ್ಷಗಟ್ಟಲೆ ಎಳೆಯುತ್ತದೆ, ಒಪ್ಪಿಕೊಂಡರೆ ಎರಡು ತಿಂಗಳಲ್ಲಿ ಮುಗಿಯುತ್ತದೆ ಎಂದು ಪೇದೆಯೊಬ್ಬ ಹೇಳಿದ್ದನ್ನೇ ಗಂಡನಿಗೂ ಹೇಳಿದಳು. ಲಕ್ಷ್ಮಯ್ಯ ಮರುಮಾತಿಲ್ಲದೆ ಒಪ್ಪಿಕೊಂಡ. ಎರಡು ತಿಂಗಳಿಗೆ ಸರಿಯಾಗಿ ಮನೆಗೆ ಬಂದ.

ಮೂರು ವರ್ಷದ ಮೇಲೆ ಅವನು ನಿಜವಾಗಿಯೂ ಕದ್ದ. ಯುದ್ಧಕಾಲ, ರಾಗಿ ರೇಷನ್ನಿನಲ್ಲೂ ಸಿಗುತ್ತಿರಲಿಲ್ಲ. ಎರಡು ದಿನ ಒಲೆ ಹೊತ್ತದೆ ಇದ್ದಾಗ ಪಟೇಲರ ಕಣದಿಂದ ಅರ್ಧ ಮೂಟೆ ಹೊತ್ತುಕೊಂಡು ಹೊರಟವನು ಊರಬಾಗಿಲಲ್ಲೇ ಸಿಕ್ಕಿಬಿದ್ದ.

ಬಹಳವೆಂದರೆ ಮೂರು ತಿಂಗಳು ಅಂದುಕೊಂಡಿದ್ದಳು ಮುನಿತಾಯಮ್ಮ. ಆದರೆ ಹಳೆಯ ಶಿಕ್ಷೆಯ ಕಾಗದ ನೋಡಿದ ಮ್ಯಾಜಿಸ್ಟ್ರೇಟರು ಕೇಸನ್ನು ಬೆಂಗಳೂರಿನ ಸೆಷನ್ಸ್ ಕೋರ್ಟಿಗೆ ಕಳಿಸಿಬಿಟ್ಟರು. ಮೂರು ವರ್ಷ ಅಥವಾ ಅದಕ್ಕೂ ಮೇಲ್ಪಟ್ಟ ಶಿಕ್ಷೆ ಇರುವ ಅಪರಾಧವನ್ನು ಎರಡನೆಯ ಸಲ ಮಾಡಿದವನಿಗೆ ಹತ್ತು ವರ್ಷ ಕೂಡ ಹಾಕಬಹುದಂತೆ.

ವಕೀಲ ವೆಂಕಟರಾಮಪ್ಪ ಬಡವರ ಕೇಸೆಂದು ಉದಾಸೀನ ಮಾಡದೆ ವಾದಿಸಿದ. ಇವನಿಗೆ ಆಗಿದ್ದೇ ಎರಡು ತಿಂಗಳು, ಮೂರು ವರ್ಷದ ಕಾನೂನು ಇವನಿಗೆ ಹೇಗೆ ಅನ್ವಯಿಸುತ್ತದೆ ಎಂದು ಕೇಳಿದ. ನ್ಯಾಯಾಧೀಶರು ಪುಸ್ತಕ ತೆಗೆಸಿ ಆ ಸಾಲನ್ನು ಎರಡು ಸಲ ಓದಿದರು. ಅಲ್ಲಿರುವುದು ವಿಧಿಸಿದ ಶಿಕ್ಷೆಯ ಮಾತಲ್ಲ, ವಿಧಿಸಬಹುದಾದ ಶಿಕ್ಷೆಯ ಮಾತು. ಕಳ್ಳತನಕ್ಕೆ ಮೂರು ವರ್ಷದವರೆಗೆ ವಿಧಿಸಬಹುದು ಎಂದರು. ಮರುಕದಿಂದ ಹತ್ತರ ಬದಲು ಐದು ವರ್ಷ ಹಾಕಿದರು.

ಹೊರಗೆ ಜಗಲಿಯಲ್ಲಿ ಮುನಿತಾಯಮ್ಮ ವಕೀಲನನ್ನು ತಡೆದಳು.

"ಕೊಟ್ಟಿದ್ದು ಎರಡು ತಿಂಗ್ಳು ಸ್ವಾಮಿ. ಅದು ಮೂರು ವರ್ಷ ಹೆಂಗಾಯ್ತದೆ?"

"ಕೊಟ್ಟಿದ್ದಲ್ಲಮ್ಮ, ಕೊಡಬಹುದಾಗಿದ್ದನ್ನ ನೋಡ್ತಾರೆ."

ಆಗ ಅವಳು ತಮ್ಮನ ವಿಷಯವನ್ನೆಲ್ಲ ಹೇಳಿಬಿಟ್ಟಳು. ಪಾಪಯ್ಯ ಅಷ್ಟರಲ್ಲಿ ಪಲ್ಟನ್ ಸೇರಿ ಬರ್ಮಾ ಕಡೆ ಹೋಗಿದ್ದ. ಲಕ್ಷ್ಮಯ್ಯ ತಾನೇ ಒಪ್ಪಿಕೊಂಡ ತಪ್ಪನ್ನು ಈಗ ಯಾವ ಕೋರ್ಟೂ ಅಳಿಸುವುದಿಲ್ಲ ಎಂದ ವೆಂಕಟರಾಮಪ್ಪ. ಆದರೂ ಹೈಕೋರ್ಟಿಗೆ ಅರ್ಜಿ ಹಾಕಿದ. ಅಲ್ಲಿಯೂ 'ವಿಧಿಸಬಹುದಾದ' ಎಂಬ ಪದಕ್ಕೆ ಅದೇ ಅರ್ಥ ಬಂತು.

ಜೈಲಿನ ಸರಳುಗಳ ಈಚೆ ನಿಂತು ಮುನಿತಾಯಮ್ಮ ಗಂಡನಿಗೆ, ಆವತ್ತು ತಮ್ಮನಿಗಾಗಿ ಬಾಯಿ ಮುಚ್ಚಿಸಿದ್ದು ತಾನೇ ಎಂದು ಹೇಳಿ ಅತ್ತಳು.

"ನೀನು ಹೇಳ್ದೆ, ನಾನು ಒಪ್ಕೊಂಡೆ," ಎಂದ ಲಕ್ಷ್ಮಯ್ಯ. "ಬಿಡು. ಈ ಸಲ ಕದ್ದಿದ್ದು ನಾನೇ ಅಲ್ವಾ?"

ಮೂರನೆಯ ವರ್ಷ ಜೈಲಿನಲ್ಲಿ ಆಮಶಂಕೆ ಹರಡಿತು. ಲಕ್ಷ್ಮಯ್ಯ ತೀರಿಕೊಂಡ ಸುದ್ದಿ ತಂದ ಪೇದೆ ಹೊಲದ ಬದುವಿನಲ್ಲಿ ನಿಂತು ಹೇಳಿದಾಗ ಅವಳು ಕೂಲಿಗೆ ಕಳೆ ಕೀಳುತ್ತಿದ್ದಳು. ಕೇಳಿಸಲಿಲ್ಲವೇನೋ ಎಂದು ಅವನು ಇನ್ನೊಮ್ಮೆ ಹೇಳಿದ. ಮುನಿತಾಯಮ್ಮ ಹಿಡಿದ ಸಾಲನ್ನು ಕೊನೆಯವರೆಗೂ ಮುಗಿಸಿ, ಆಮೇಲೆ ಎದ್ದಳು.